ಹಳೆಯ ಇಮೇಲ್ ಖಾತೆಯನ್ನು ಹೊಸದಕ್ಕೆ ಜೋಡಿಸುವುದು: ಪಾಸ್‌ವರ್ಡ್ ಸರಿಯಿದ್ದರೂ ಒಪ್ಪದಿದ್ದಾಗ ಮಾಡಬೇಕಾದದ್ದು

ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಹಾಕಿದರೆ ಹಳೆಯ ಖಾತೆ ತೆರೆದುಕೊಳ್ಳುತ್ತದೆ. ಅದೇ ಪಾಸ್‌ವರ್ಡನ್ನು ಹೊಸ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಹಾಕಿದರೆ ‘ತಪ್ಪು’ ಎಂಬ ಉತ್ತರ ಬರುತ್ತದೆ. ಮತ್ತೆ ಮತ್ತೆ ಹಾಕಿ ನೋಡಿ, ಕೊನೆಗೆ ಪಾಸ್‌ವರ್ಡನ್ನೇ ಬದಲಿಸಿ, ಆಗಲೂ ಆಗದೆ ಕೈಚೆಲ್ಲಿದವರ ಪ್ರಶ್ನೆಗಳು ಬರುತ್ತಲೇ ಇವೆ. ಪೀಣ್ಯದಲ್ಲಿ ಲೇತ್ ನಡೆಸುವವರಿಗೆ ಅಂಗಡಿಯ ಬೋರ್ಡಿನಲ್ಲಿ ಬರೆಸಿರುವ ಯಾಹೂ ವಿಳಾಸಕ್ಕೇ ಇನ್ನೂ ಆರ್ಡರ್ ಬರುತ್ತದೆ. ಮಲ್ಲೇಶ್ವರದಲ್ಲಿರುವ ನಿವೃತ್ತರ ಬೆಸ್ಕಾಂ ಬಿಲ್ಲು, ವಿಮೆಯ ನೋಟಿಸು, ಆದಾಯ ತೆರಿಗೆಯ ಪತ್ರ ಎಲ್ಲವೂ ಒಂದು ಖಾತೆಗೆ ಬಂದು ಬೀಳುತ್ತವೆ. ಅವನ್ನು ನೋಡಿಕೊಳ್ಳಬೇಕಾದ ಮಗಳು ವೈಟ್‌ಫೀಲ್ಡ್‌ನಲ್ಲಿರುತ್ತಾಳೆ. ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ.

ಆ ಜಾಗ ಇದು. ಲಾಗಿನ್ ಪಾಸ್‌ವರ್ಡನ್ನು ಬೇರೆ ಆ್ಯಪ್‌ಗೆ ಅಥವಾ ಬೇರೆ ಖಾತೆಗೆ ಕೊಟ್ಟು ಮೇಲ್ ತರಿಸುವ ದಾರಿಯನ್ನು ಕಂಪನಿಗಳು ಮುಚ್ಚಿವೆ. ಗೂಗಲ್ ವೈಯಕ್ತಿಕ ಖಾತೆಗಳಿಗೆ ಇದನ್ನು 2022ರ ಮೇ 30ರಂದು ನಿಲ್ಲಿಸಿತು; ಮೈಕ್ರೋಸಾಫ್ಟ್ ವೈಯಕ್ತಿಕ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಂದು. ಇದರ ಮೇಲೆ, ಜಿಮೇಲ್‌ನ ವೆಬ್ ಪುಟದಲ್ಲಿ ಬೇರೆ ಕಂಪನಿಯ ಖಾತೆಯಿಂದ ಪಾಪ್ ವಿಧಾನದಲ್ಲಿ ಮೇಲ್ ಎಳೆದುಕೊಳ್ಳುವ ಸೌಲಭ್ಯವನ್ನೂ 2026ರಿಂದ ಹಿಂತೆಗೆದುಕೊಳ್ಳುವುದಾಗಿ ಗೂಗಲ್ ಪ್ರಕಟಿಸಿದೆ. ‘ಲೆಸ್ ಸೆಕ್ಯೂರ್ ಆ್ಯಪ್ಸ್ ಆನ್ ಮಾಡಿ’ ಎಂದು ಹೇಳುವ ಹಳೆಯ ವಿಡಿಯೊ ನೋಡುತ್ತಿದ್ದರೆ ಅದನ್ನು ಇಲ್ಲಿಗೇ ನಿಲ್ಲಿಸಿ. ಬರೀ ಲಾಗಿನ್ ಪಾಸ್‌ವರ್ಡ್‌ನಿಂದ ಬೇರೆ ಆ್ಯಪ್‌ಗಳನ್ನು ಒಳಬಿಡುತ್ತಿದ್ದ ಆ ಗುಂಡಿ ವೈಯಕ್ತಿಕ ಖಾತೆಯಲ್ಲಿ ಈಗ ಇಲ್ಲ. ಹುಡುಕಿ ಸಂಜೆ ಕಳೆಯಬೇಡಿ.

ಮುಂದೆ ‘ಹಳೆಯ ಖಾತೆ’ ಎಂದರೆ ಮೇಲ್ ಬಂದು ಬೀಳುತ್ತಿರುವ ಖಾತೆ. ‘ಹೊಸ ಖಾತೆ’ ಎಂದರೆ ನೀವು ದಿನವೂ ತೆರೆಯುವ ಖಾತೆ. ಪರದೆ ಇಂಗ್ಲಿಷ್‌ನಲ್ಲಿದೆ ಎಂದುಕೊಂಡು ಮೆನುಗಳ ಹೆಸರು ಕೊಟ್ಟಿದ್ದೇನೆ.

ಹಂತ 1: ಬೇಕಾಗಿರುವುದು ಯಾವುದು ಎಂದು ಮೊದಲು ತೀರ್ಮಾನಿಸಿ

‘ಒಂದರಿಂದ ಇನ್ನೊಂದನ್ನು ನೋಡಬೇಕು’ ಎನ್ನುವವರು ವಾಸ್ತವವಾಗಿ ನಾಲ್ಕು ಬೇರೆ ಬೇರೆ ಕೆಲಸಗಳನ್ನು ಕೇಳುತ್ತಿರುತ್ತಾರೆ.

ಹಳೆಯ ವಿಳಾಸಕ್ಕೆ ಇನ್ನು ಮುಂದೆ ಬರುವ ಮೇಲ್ ಹೊಸ ಖಾತೆಗೂ ಬಂದರೆ ಸಾಕು ಎನ್ನುವವರಿಗೆ ಫಾರ್ವರ್ಡಿಂಗ್. ಉತ್ತರವೂ ಹಳೆಯ ವಿಳಾಸದಿಂದಲೇ ಹೋಗಬೇಕಾದರೆ ‘ಸೆಂಡ್ ಮೇಲ್ ಆ್ಯಸ್’. ಹತ್ತು ವರ್ಷದ ಹಳೆಯ ಪತ್ರಗಳೂ ಬೇಕೆಂದರೆ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನು ಬೇರೆ ಆ್ಯಪ್‌ನಿಂದ ತೆರೆಯುವ ವಿಧಾನ) ಮೂಲಕ ನಕಲು. ಇನ್ನೊಬ್ಬರ ಖಾತೆಯನ್ನು ಅವರ ಒಪ್ಪಿಗೆಯಿಂದ ನೋಡಿಕೊಳ್ಳಬೇಕಾದರೆ ಡೆಲಿಗೇಶನ್.

ಇವುಗಳಲ್ಲಿ ಫಾರ್ವರ್ಡಿಂಗ್‌ಗೂ ಡೆಲಿಗೇಶನ್‌ಗೂ ಒಂದು ಖಾತೆಯ ಪಾಸ್‌ವರ್ಡನ್ನು ಇನ್ನೊಂದಕ್ಕೆ ಕೊಡಬೇಕಾಗಿಯೇ ಇಲ್ಲ. ಪಾಸ್‌ವರ್ಡ್ ಕೊಡದೆ ಆಗುವ ಕೆಲಸಕ್ಕೆ ಪಾಸ್‌ವರ್ಡ್ ಕೊಡಲು ಹೋಗುವುದೇ ಅರ್ಧಕ್ಕರ್ಧ ಸೋಲುಗಳ ಮೂಲ ಎಂದು ನನ್ನ ಅನಿಸಿಕೆ.

ಕಚೇರಿಯ ಮೇಲ್ ಬಗ್ಗೆ ಒಂದೇ ಮಾತು: ಕಂಪನಿ ಕೊಟ್ಟ ಖಾತೆಯನ್ನು ಸ್ವಂತ ಜಿಮೇಲ್‌ಗೆ ತಿರುಗಿಸಬೇಡಿ. ಹೆಚ್ಚಿನ ಕಡೆ ಆಡಳಿತ ವಿಭಾಗ ಅದನ್ನು ತಡೆದಿರುತ್ತದೆ. ತಡೆಯದಿದ್ದರೂ ಅದು ಕೆಲಸಕ್ಕೆ ಕುತ್ತು ತರುವ ವಿಷಯ.

ಹಂತ 2: ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಕಂಪ್ಯೂಟರ್ ಬೇಕು. ಫಾರ್ವರ್ಡಿಂಗ್, ‘ಸೆಂಡ್ ಮೇಲ್ ಆ್ಯಸ್’, ಡೆಲಿಗೇಶನ್ ಇವನ್ನು ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಹುಡುಕಿ ಸುಸ್ತಾಗುವವರೇ ಹೆಚ್ಚು. ಇವನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ಮಾಡಿ. ಸ್ವಂತದ್ದಿಲ್ಲದಿದ್ದರೆ ನಂಬಿಕೆಯವರ ಮನೆಯದ್ದಾಗಲಿ. ಪ್ರಿಂಟ್ ತೆಗೆಸುವ ಜೆರಾಕ್ಸ್ ಅಂಗಡಿಯಲ್ಲಿ ಲಾಗಿನ್ ಆಗಿ ಹಾಗೇ ಎದ್ದು ಬರುವ ಅಭ್ಯಾಸ ನಮ್ಮ ಊರಲ್ಲಿ ಬೇಕಾದಷ್ಟಿದೆ; ಈ ಕೆಲಸಕ್ಕಂತೂ ಅಲ್ಲಿಗೆ ಹೋಗಬೇಡಿ.

ಹಳೆಯ ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಇನ್ನೂ ನಿಮ್ಮದೇ ಎಂದು ನೋಡಿ. ಬಳಸದೆ ಬಿಟ್ಟ ಪ್ರೀಪೇಯ್ಡ್ ಸಂಖ್ಯೆ ರದ್ದಾಗಿ, ಸ್ವಲ್ಪ ಕಾಲದ ನಂತರ ಬೇರೆಯವರ ಕೈಗೆ ಹೋಗುತ್ತದೆ. ಹಾಗೆ ಕೈತಪ್ಪಿದ ಸಂಖ್ಯೆ ರಿಕವರಿ ಸಂಖ್ಯೆಯಾಗಿ, ಅಂದರೆ ಖಾತೆ ಮರಳಿ ಪಡೆಯಲು ಕೊಟ್ಟ ಸಂಖ್ಯೆಯಾಗಿ, ಉಳಿದಿದ್ದರೆ ಒಟಿಪಿ ಹೋಗುವುದು ಅವರಿಗೆ. ಲಾಗಿನ್ ಇನ್ನೂ ಸಾಧ್ಯವಿರುವಾಗಲೇ ಅದನ್ನು ಬದಲಿಸಿ.

ಮೂರನೆಯದಾಗಿ, ಎರಡು ಖಾತೆಗಳನ್ನು ಬೆರೆಯದಂತೆ ತೆರೆಯಿರಿ. ಒಂದು ಸಾಮಾನ್ಯ ಕಿಟಕಿಯಲ್ಲಿ, ಇನ್ನೊಂದು ಇನ್‌ಕಾಗ್ನಿಟೋ, ಅಂದರೆ ಬ್ರೌಸರ್‌ನ ಖಾಸಗಿ, ಕಿಟಕಿಯಲ್ಲಿ. ಒಂದೇ ಕಿಟಕಿಯಲ್ಲಿ ಎರಡೂ ಲಾಗಿನ್ ಆಗಿದ್ದರೆ ಸೆಟ್ಟಿಂಗ್ಸ್ ಪುಟ ಮೊದಲು ಲಾಗಿನ್ ಆದ ಖಾತೆಯದೇ ತೆರೆದುಕೊಳ್ಳುವುದುಂಟು. ಆಗ ನೀವು ಹೊಸ ಖಾತೆಗೆ ಆ್ಯಪ್ ಪಾಸ್‌ವರ್ಡ್ (ಲಾಗಿನ್ ಪಾಸ್‌ವರ್ಡ್ ಬದಲು ಬೇರೆ ಆ್ಯಪ್‌ಗೆ ಕೊಡಲೆಂದೇ ಕಂಪನಿ ತಯಾರಿಸಿಕೊಡುವ ಪಾಸ್‌ವರ್ಡ್) ಮಾಡಿಕೊಂಡು, ಅದನ್ನು ಹಳೆಯದರ ಹೆಸರಿನೊಂದಿಗೆ ಹಾಕಿ, ಯಾಕೆ ಒಪ್ಪುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತೀರಿ. ಪ್ರತಿ ಹಂತದಲ್ಲೂ ಬಲಗಡೆ ಮೇಲಿನ ಚಿತ್ರದ ಮೇಲೆ ಒತ್ತಿ ಇದು ಯಾವ ಖಾತೆ ಎಂದು ನೋಡಿಕೊಳ್ಳಿ.

ಹಂತ 3: ಎರಡು ಹಂತದ ಪರಿಶೀಲನೆ ಮತ್ತು ಬ್ಯಾಕಪ್ ಕೋಡ್

ಜಿಮೇಲ್‌ನಲ್ಲಿ ಆ್ಯಪ್ ಪಾಸ್‌ವರ್ಡ್ ಬೇಕೆಂದರೆ ಹಳೆಯ ಖಾತೆಯಲ್ಲಿ ‘ಟೂ-ಸ್ಟೆಪ್ ವೆರಿಫಿಕೇಶನ್’ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಆನ್ ಆಗಿರಲೇಬೇಕು. ಬರೀ ಫಾರ್ವರ್ಡಿಂಗ್ ಸಾಕು ಎನ್ನುವವರಿಗೆ ಇದು ಕಡ್ಡಾಯವಲ್ಲ, ಆದರೂ ಮಾಡಿಟ್ಟುಕೊಳ್ಳಿ. ಗೂಗಲ್ ಖಾತೆಯ ‘ಸೆಕ್ಯೂರಿಟಿ’ ವಿಭಾಗಕ್ಕೆ ಹೋಗಿ, ಆನ್ ಮಾಡಿ, ಒಟಿಪಿಯ ಜೊತೆಗೆ, ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪನ್ನೂ ಸೇರಿಸಿ.

ಅದೇ ಪುಟದಲ್ಲಿ, ಫೋನ್ ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳಿರುತ್ತವೆ. ಒಂದು ಪಟ್ಟಿಯಲ್ಲಿ ಹತ್ತು, ಪ್ರತಿಯೊಂದೂ ಎಂಟು ಅಂಕಿ, ಪ್ರತಿಯೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ಅದೇ ಮೇಲ್ ಖಾತೆಯೊಳಗೆ ಡ್ರಾಫ್ಟ್ ಮಾಡಿ ಇಡುವವರಿದ್ದಾರೆ. ಖಾತೆಯೇ ತೆರೆಯದ ದಿನ ಆ ಡ್ರಾಫ್ಟ್ ತೆರೆಯುವುದು ಹೇಗೆ? ಹೊಸ ಪಟ್ಟಿ ತಯಾರಿಸಿದ ಕ್ಷಣದಲ್ಲೇ ಹಳೆಯ ಪಟ್ಟಿ ರದ್ದಾಗುತ್ತದೆ, ಹಳೆಯ ಕಾಗದವನ್ನು ಹರಿದು ಹಾಕಿ.

ಇನ್ನೊಂದು ಗಂಟು: ಹಳೆಯ ಖಾತೆಯ ರಿಕವರಿ ವಿಳಾಸ ಹೊಸದು, ಹೊಸದರ ರಿಕವರಿ ವಿಳಾಸ ಹಳೆಯದು. ಒಂದಕ್ಕೆ ಬೀಗ ಬಿದ್ದರೆ ಅದರ ಕೋಡ್ ಇನ್ನೊಂದಕ್ಕೆ ಹೋಗುತ್ತದೆ, ಅದಕ್ಕೂ ಬೀಗ ಬಿದ್ದಿದ್ದರೆ ಕಥೆ ಮುಗಿಯಿತು. ಎರಡರಲ್ಲೊಂದಕ್ಕಾದರೂ ಮನೆಯವರ ವಿಳಾಸ ಕೊಡಿ.

ಹಂತ 4: ಫಾರ್ವರ್ಡಿಂಗ್ ಹಾಕುವುದು

ಹಳೆಯದು ಜಿಮೇಲ್ ಆದರೆ ಹಳೆಯ ಖಾತೆಯಲ್ಲಿ ಚಕ್ರದ ಗುರುತು, ‘ಸೀ ಆಲ್ ಸೆಟ್ಟಿಂಗ್ಸ್’, ನಂತರ ‘ಫಾರ್ವರ್ಡಿಂಗ್ ಆಂಡ್ ಪಾಪ್/ಐಮ್ಯಾಪ್’. ‘ಆ್ಯಡ್ ಎ ಫಾರ್ವರ್ಡಿಂಗ್ ಅಡ್ರೆಸ್’ ಒತ್ತಿ ಹೊಸ ವಿಳಾಸ ಬರೆಯಿರಿ. ನೀವೇ ಹೌದೇ ಎಂದು ಮತ್ತೊಮ್ಮೆ ಕೇಳಬಹುದು, ಗಾಬರಿ ಬೇಡ.

ಈಗ ಒಂದು ಪರಿಶೀಲನಾ ಮೇಲ್ ಹೊಸ ಖಾತೆಗೆ ಬರುತ್ತದೆ. ಅದನ್ನು ಹಳೆಯ ಖಾತೆಯಲ್ಲಿ ಕಾಯುತ್ತಾ ಕೂರುವವರು ಬಹಳ. ನೆನಪಿಡಿ: ಫಾರ್ವರ್ಡಿಂಗ್‌ನ ಕೋಡ್ ಹೊಸದಕ್ಕೆ, ಮುಂದೆ ಬರುವ ‘ಸೆಂಡ್ ಮೇಲ್ ಆ್ಯಸ್’ನ ಕೋಡ್ ಹಳೆಯದಕ್ಕೆ. ಯಾರ ಒಪ್ಪಿಗೆ ಬೇಕೋ ಅವರ ಪೆಟ್ಟಿಗೆಗೆ ಕೋಡ್ ಹೋಗುತ್ತದೆ ಎಂದು ತಿಳಿದರೆ ಗೊಂದಲವಿಲ್ಲ. ಕಾಣದಿದ್ದರೆ ಸ್ಪ್ಯಾಮ್ ನೋಡಿ.

ಕೋಡ್ ಒಪ್ಪಿದ ಮೇಲೆ ಕೆಲಸ ಮುಗಿಯಿತೆಂದು ಎದ್ದುಬಿಡಬೇಡಿ. ಸೆಟ್ಟಿಂಗ್ಸ್ ಪುಟವನ್ನು ಮತ್ತೆ ತೆರೆದು ‘ಫಾರ್ವರ್ಡ್ ಎ ಕಾಪಿ ಆಫ್ ಇನ್‌ಕಮಿಂಗ್ ಮೇಲ್ ಟು’ ಎಂಬುದರ ಮುಂದಿನ ಚುಕ್ಕಿಯನ್ನು ಆರಿಸಬೇಕು, ಪಕ್ಕದಲ್ಲಿ ‘ಕೀಪ್ ಕಾಪಿ ಇನ್ ದ ಇನ್‌ಬಾಕ್ಸ್’ ಇಡಬೇಕು, ಪುಟದ ತಳಕ್ಕೆ ಹೋಗಿ ‘ಸೇವ್ ಚೇಂಜಸ್’ ಒತ್ತಬೇಕು. ಈ ತಳದ ಗುಂಡಿಯನ್ನು ಒತ್ತದೆ ಬಿಟ್ಟವರೇ ‘ವೆರಿಫೈ ಆಯಿತು, ಆದರೂ ಮೇಲ್ ಬರುತ್ತಿಲ್ಲ’ ಎನ್ನುವವರು. ‘ಡಿಲೀಟ್ ಕಾಪಿ’ ಎಂಬ ಆಯ್ಕೆಯ ಹತ್ತಿರ ಹೋಗಬೇಡಿ. ದಾರಿಯಲ್ಲಿ ಏನಾದರೂ ಕೆಟ್ಟರೆ ಮೂಲ ಪ್ರತಿ ಹಳೆಯದರಲ್ಲಿ ಉಳಿದಿರಬೇಕು.

ಎಲ್ಲ ಮೇಲ್ ಬೇಡ, ಬ್ಯಾಂಕಿನದು ಮಾತ್ರ ಅಥವಾ ಗ್ರಾಹಕರದು ಮಾತ್ರ ಬೇಕೆಂದರೆ ಚುಕ್ಕಿ ಆರಿಸುವ ಬದಲು ಒಂದು ಫಿಲ್ಟರ್ (ಯಾವ ಮೇಲನ್ನು ಏನು ಮಾಡಬೇಕೆಂಬ ನಿಯಮ) ಮಾಡಿ ಅದರಲ್ಲಿ ‘ಫಾರ್ವರ್ಡ್ ಇಟ್’ ಕೊಡಿ. ವಿಳಾಸ ಪರಿಶೀಲನೆ ಮಾತ್ರ ಮೇಲಿನಂತೆಯೇ ಮೊದಲು ಆಗಿರಬೇಕು.

ಹಳೆಯದು ಔಟ್‌ಲುಕ್ ಅಥವಾ ಹಾಟ್‌ಮೇಲ್ ಆದರೆ ವೆಬ್ ಪುಟದ ಸೆಟ್ಟಿಂಗ್ಸ್‌ನಲ್ಲಿ ‘ಮೇಲ್’, ಅದರೊಳಗೆ ‘ಫಾರ್ವರ್ಡಿಂಗ್’. ಆನ್ ಮಾಡಿ, ವಿಳಾಸ ಕೊಟ್ಟು, ಪ್ರತಿ ಉಳಿಸಿಕೊಳ್ಳುವ ಚೌಕಕ್ಕೂ ಟಿಕ್ ಹಾಕಿ ಸೇವ್ ಮಾಡಿ.

ಯಾಹೂ ವಿಷಯ ಬೇರೆ. ಉಚಿತ ಖಾತೆಗಳಿಗೆ ತಾನಾಗಿ ಫಾರ್ವರ್ಡ್ ಆಗುವ ಸೌಲಭ್ಯವನ್ನು ಅದು 2021ರ ಆರಂಭದಲ್ಲೇ ತೆಗೆದು, ಹಣ ಕೊಡುವವರಿಗೆ ಮಾತ್ರ ಉಳಿಸಿಕೊಂಡಿತು. ಪೀಣ್ಯದ ಆ ಬೋರ್ಡಿನ ವಿಳಾಸಕ್ಕೆ ಸುಲಭದ ದಾರಿ ಎಂದರೆ ಮೊಬೈಲ್‌ನ ಜಿಮೇಲ್ ಆ್ಯಪ್‌ನಲ್ಲೇ ಯಾಹೂ ಖಾತೆಯನ್ನು ಸೇರಿಸುವುದು. ಚಿತ್ರದ ಮೇಲೆ ಒತ್ತಿ, ‘ಆ್ಯಡ್ ಅನದರ್ ಅಕೌಂಟ್’, ‘ಯಾಹೂ’. ಆಗ ಯಾಹೂದ್ದೇ ಲಾಗಿನ್ ಪುಟ ತೆರೆದು, ಪಾಸ್‌ವರ್ಡ್ ಅವರಿಗೆ ಹೋಗುತ್ತದೆ, ಅನುಮತಿ ಮಾತ್ರ ಆ್ಯಪ್‌ಗೆ ಸಿಗುತ್ತದೆ. ಹೊಸ ಭದ್ರತೆ ಒಪ್ಪುವ ವಿಧಾನ ಇದೇ. ಆ್ಯಪ್‌ನ ‘ಆಲ್ ಇನ್‌ಬಾಕ್ಸಸ್’ ತೆರೆದರೆ ಎರಡೂ ಖಾತೆಗಳ ಮೇಲ್ ಒಂದೇ ಸಾಲಿನಲ್ಲಿ ಕಾಣುತ್ತದೆ. ಆದರೆ ಇದು ಫೋನಿನಲ್ಲಿ ಮಾತ್ರ. ಕಂಪ್ಯೂಟರ್‌ನಲ್ಲಿ ತೆರೆದ ಜಿಮೇಲ್‌ನಲ್ಲಿ ಯಾಹೂ ಮೇಲ್ ಕಾಣುವುದಿಲ್ಲ.

ಹಂತ 5: ಮೂರನೆಯ ಖಾತೆಯಿಂದ ಪರೀಕ್ಷಿಸಿ

ಹೊಸ ಖಾತೆಯಿಂದಲೇ ಹಳೆಯದಕ್ಕೆ ಒಂದು ಮೇಲ್ ಕಳಿಸಿ, ಅದು ವಾಪಸ್ಸು ಬರಲಿಲ್ಲವೆಂದು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುವವರಿದ್ದಾರೆ. ನೀವೇ ಕಳಿಸಿದ ಮೇಲ್ ಸುತ್ತಿ ನಿಮ್ಮಲ್ಲಿಗೇ ಬಂದರೆ ಜಿಮೇಲ್ ಅದನ್ನು ಹೊಸ ಪತ್ರವಾಗಿ ಇನ್‌ಬಾಕ್ಸ್‌ನಲ್ಲಿ ತೋರಿಸದಿರಬಹುದು. ಮನೆಯವರ ಅಥವಾ ಗೆಳೆಯರ ಖಾತೆಯಿಂದ ಕಳಿಸಿ ನೋಡಿ.

ಹಳೆಯದರ ಸ್ಪ್ಯಾಮ್‌ಗೆ ಬಿದ್ದದ್ದು ಫಾರ್ವರ್ಡ್ ಆಗುವುದಿಲ್ಲ, ಆಗಾಗ ಹೋಗಿ ನೋಡಬೇಕು. ಫಾರ್ವರ್ಡ್ ಆಗಿ ಬಂದದ್ದು ಹೊಸದರ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ, ಹೊಸ ಖಾತೆಯಲ್ಲಿ ‘ಟು’ ಜಾಗಕ್ಕೆ ಹಳೆಯ ವಿಳಾಸ ಹಾಕಿ ಫಿಲ್ಟರ್ ಮಾಡಿ, ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಆರಿಸಿ. ಅದರಲ್ಲೇ ಒಂದು ಲೇಬಲ್ ಕೊಟ್ಟರೆ ಯಾವುದು ಹಳೆಯ ವಿಳಾಸಕ್ಕೆ ಬಂದದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಹಂತ 6: ಹಳೆಯ ವಿಳಾಸದಿಂದ ಉತ್ತರಿಸುವುದು

ಇದಕ್ಕೆ ಮೊದಲು ಆ್ಯಪ್ ಪಾಸ್‌ವರ್ಡ್ ತಯಾರಿಸಿಕೊಳ್ಳಿ. ಹಳೆಯ ಗೂಗಲ್ ಖಾತೆಯ ಮೇಲ್ಭಾಗದ ಹುಡುಕು ಪೆಟ್ಟಿಗೆಯಲ್ಲಿ ‘ಆ್ಯಪ್ ಪಾಸ್‌ವರ್ಡ್ಸ್’ ಎಂದು ಇಂಗ್ಲಿಷ್‌ನಲ್ಲಿ ಬರೆದು ಹುಡುಕಿ. ಮೆನುಗಳಲ್ಲಿ ಅಲೆಯುವುದಕ್ಕಿಂತ ಅದು ಬೇಗ. ಒಂದು ಹೆಸರು ಕೊಡಿ, ಅರ್ಥವಾಗುವಂಥ ಹೆಸರು. 16 ಅಕ್ಷರಗಳ ಪಾಸ್‌ವರ್ಡ್ ಒಂದೇ ಸಲ ಕಾಣುತ್ತದೆ. ಕಳೆದುಹೋದರೆ ಹುಡುಕಬೇಡಿ, ಅಳಿಸಿ ಹೊಸದು ಮಾಡಿ.

ಆ ಪುಟವೇ ಸಿಗದಿದ್ದರೆ ಕಾರಣ ಇವುಗಳಲ್ಲೊಂದು: ಎರಡು ಹಂತದ ಪರಿಶೀಲನೆ ಆನ್ ಆಗಿಲ್ಲ, ಅದು ಸೆಕ್ಯೂರಿಟಿ ಕೀಗೆ (ಲಾಗಿನ್‌ಗೆ ಬಳಸುವ ಭದ್ರತಾ ಸಾಧನ) ಮಾತ್ರ ಸೀಮಿತವಾಗಿದೆ, ಖಾತೆ ಕಚೇರಿಯದು ಅಥವಾ ಕಾಲೇಜಿನದು, ಇಲ್ಲವೇ ಗೂಗಲ್‌ನ ಹೆಚ್ಚಿನ ಭದ್ರತೆಯಾದ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಹಾಕಿಸಿಕೊಂಡಿದ್ದೀರಿ.

ಈಗ ಹೊಸ ಖಾತೆಗೆ ಬನ್ನಿ. ‘ಸೀ ಆಲ್ ಸೆಟ್ಟಿಂಗ್ಸ್’, ‘ಅಕೌಂಟ್ಸ್ ಆಂಡ್ ಇಂಪೋರ್ಟ್’, ‘ಸೆಂಡ್ ಮೇಲ್ ಆ್ಯಸ್’ ಸಾಲಿನಲ್ಲಿ ‘ಆ್ಯಡ್ ಅನದರ್ ಇಮೇಲ್ ಅಡ್ರೆಸ್’. ಹೆಸರು, ಹಳೆಯ ವಿಳಾಸ ಕೊಡಿ. ಸರ್ವರ್ ವಿವರ ಕೇಳಿದರೆ ಜಿಮೇಲ್‌ಗೆ ‘ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಂ’, ಪೋರ್ಟ್ 587, ಟಿಎಲ್‌ಎಸ್. ಯಾಹೂಗೆ ‘ಎಸ್‌ಎಂಟಿಪಿ ಡಾಟ್ ಮೇಲ್ ಡಾಟ್ ಯಾಹೂ ಡಾಟ್ ಕಾಂ’, ಪೋರ್ಟ್ 465, ಎಸ್‌ಎಸ್‌ಎಲ್. ಯಾಹೂ ಖಾತೆಯ ಭದ್ರತಾ ಪುಟದಲ್ಲೂ ಆ್ಯಪ್ ಪಾಸ್‌ವರ್ಡ್ ತಯಾರಿಸಬಹುದು. ಯೂಸರ್‌ನೇಮ್ ಜಾಗದಲ್ಲಿ ವಿಳಾಸವನ್ನು ಪೂರ್ತಿಯಾಗಿ ಬರೆಯಿರಿ, ಬಾಲ ಕತ್ತರಿಸಬೇಡಿ. ಪಾಸ್‌ವರ್ಡ್ ಜಾಗಕ್ಕೆ ಆ 16 ಅಕ್ಷರ, ನಡುವೆ ಖಾಲಿ ಬಿಡದೆ.

ಕೋಡ್ ಹಳೆಯ ಖಾತೆಗೆ ಬರುತ್ತದೆ. ಫಾರ್ವರ್ಡಿಂಗ್ ಮೊದಲೇ ಮಾಡಿಸಿದ್ದು ಇದಕ್ಕೇ: ಅದು ಈಗ ಹೊಸದಕ್ಕೂ ಬಂದು ಬೀಳುತ್ತದೆ (ಫಾರ್ವರ್ಡಿಂಗ್ ಇಲ್ಲದ ಯಾಹೂ ಆದರೆ ಹಳೆಯದರಲ್ಲೇ ನೋಡಿ). ಕೊನೆಯಲ್ಲಿ ‘ರಿಪ್ಲೈ ಫ್ರಮ್ ದ ಸೇಮ್ ಅಡ್ರೆಸ್’ ಆರಿಸಿಡಿ. ಇಲ್ಲದಿದ್ದರೆ ಗ್ರಾಹಕರಿಗೆ ಉತ್ತರ ನಿಮ್ಮ ಸ್ವಂತ ವಿಳಾಸದಿಂದ ಹೋಗುತ್ತದೆ.

ಔಟ್‌ಲುಕ್ ಮತ್ತು ಹಾಟ್‌ಮೇಲ್ ವಿಳಾಸಗಳಿಗೆ ಈ ಹಂತ ನಡೆಯುವುದಿಲ್ಲ. ಜಿಮೇಲ್‌ನ ಈ ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತದೆ, ಮೈಕ್ರೋಸಾಫ್ಟ್ ಪಾಸ್‌ವರ್ಡ್ ಒಪ್ಪುವುದಿಲ್ಲ. ಎಷ್ಟು ಸಲ ಹಾಕಿದರೂ ಅಷ್ಟೇ. ಅಲ್ಲಿಂದ ಉತ್ತರಿಸಬೇಕಾದಾಗ ಫೋನಿನ ಆ್ಯಪ್‌ನಲ್ಲಿ ಆ ಖಾತೆಯನ್ನು ಸೇರಿಸಿಕೊಂಡು ಅಲ್ಲಿಂದ ಬರೆಯಿರಿ.

ಹಂತ 7: ಹಳೆಯ ಪತ್ರಗಳನ್ನು ತರುವುದು

ಫಾರ್ವರ್ಡಿಂಗ್ ಹಾಕಿದ ಕ್ಷಣದಿಂದ ಮುಂದಿನದು ಮಾತ್ರ ಬರುತ್ತದೆ. ಹಿಂದಿನದು ಬೇಕಾದರೆ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಎರಡೂ ಖಾತೆಗಳನ್ನು ಐಮ್ಯಾಪ್ ಆಗಿ ಸೇರಿಸಿ. ಅದು ಆಯಾ ಕಂಪನಿಯ ಲಾಗಿನ್ ಪುಟವನ್ನೇ ತೆರೆಯುತ್ತದೆ. ನಂತರ ಹಳೆಯದರ ಫೋಲ್ಡರ್‌ನಿಂದ ಹೊಸದರ ಫೋಲ್ಡರ್‌ಗೆ ನಕಲಿಸಿ. ‘ಮೂವ್’ ಅಲ್ಲ, ‘ಕಾಪಿ’. ‘ಆಲ್ ಮೇಲ್’ ಫೋಲ್ಡರನ್ನೂ ಇನ್‌ಬಾಕ್ಸನ್ನೂ ಎರಡನ್ನೂ ಎಳೆದರೆ ಒಂದೇ ಪತ್ರ ಎರಡೆರಡು ಸಲ ಬರಬಹುದು, ಒಂದನ್ನು ಆರಿಸಿ. ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಒಂದೇ ಸಲಕ್ಕೆ ರಾಶಿ ಎಳೆದರೆ ಸರ್ವರ್ ತಾತ್ಕಾಲಿಕವಾಗಿ ತಡೆಯಬಹುದು. ಉಚಿತ ಗೂಗಲ್ ಖಾತೆಯ 15 ಜಿಬಿ ಜಾಗ ಡ್ರೈವ್, ಫೋಟೋಸ್‌ಗೂ ಸೇರಿದ್ದು, ಮೊದಲೇ ನೋಡಿಕೊಳ್ಳಿ.

ಹಂತ 8: ಅಪ್ಪ ಅಮ್ಮನ ಖಾತೆ ನೋಡಿಕೊಳ್ಳುವುದು

ಮಲ್ಲೇಶ್ವರದ ಅಪ್ಪ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಮಗಳಿಗೆ ಕಳಿಸುತ್ತಾರೆ. ಮಗಳು ವೈಟ್‌ಫೀಲ್ಡ್‌ನಿಂದ ಲಾಗಿನ್ ಆಗುತ್ತಾಳೆ. ಅಪ್ಪನ ಫೋನಿನಲ್ಲಿ ‘ಇದು ನೀವೇ?’ ಎಂಬ ಪ್ರಶ್ನೆ ಏಳುತ್ತದೆ, ಅವರು ಗಾಬರಿಯಿಂದ ‘ಅಲ್ಲ’ ಒತ್ತುತ್ತಾರೆ. ಪಾಸ್‌ವರ್ಡ್ ಬದಲಿಸಿ ಎಂಬ ಸೂಚನೆ ಬರುತ್ತದೆ, ಬದಲಿಸಿದ್ದು ಮರೆತುಹೋಗುತ್ತದೆ. ಇದಿಷ್ಟೂ ಬೇಡ.

ಎರಡೂ ಜಿಮೇಲ್ ಆದರೆ ಅಪ್ಪನ ಖಾತೆಯಲ್ಲಿ ‘ಅಕೌಂಟ್ಸ್ ಆಂಡ್ ಇಂಪೋರ್ಟ್’ ಒಳಗೆ ‘ಗ್ರಾಂಟ್ ಆ್ಯಕ್ಸೆಸ್ ಟು ಯುವರ್ ಅಕೌಂಟ್’ ಇದೆ. ಮಗಳ ವಿಳಾಸ ಕೊಟ್ಟರೆ ಆಕೆಗೆ ಆಹ್ವಾನ ಹೋಗುತ್ತದೆ; ಒಂದು ವಾರದೊಳಗೆ ಒಪ್ಪಬೇಕು, ಒಪ್ಪಿದ ಮೇಲೂ ಜಾರಿಗೆ ಬರಲು 24 ಗಂಟೆಯವರೆಗೆ ಹಿಡಿಯಬಹುದು. ವೈಯಕ್ತಿಕ ಖಾತೆಗೆ ಹತ್ತು ಜನರವರೆಗೆ ಹೀಗೆ ಸೇರಿಸಬಹುದು. ಆಕೆ ಮೇಲ್ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಮೇಲ್‌ಗೆ ಬರುವ ಬ್ಯಾಂಕ್ ಒಟಿಪಿಗಳೂ ಆಕೆಗೆ ಕಾಣುತ್ತವೆ ಎಂಬುದನ್ನು ತಿಳಿದೇ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸಿ.

ದೋಷದ ಸಂಖ್ಯೆ ಏನು ಹೇಳುತ್ತದೆ

ಜಿಮೇಲ್ ಸರ್ವರ್ 534 ಎಂದರೆ ಹೆಸರು ಸರಿ, ಆದರೆ ನೀವು ಕೊಟ್ಟದ್ದು ಲಾಗಿನ್ ಪಾಸ್‌ವರ್ಡ್. ಆ್ಯಪ್ ಪಾಸ್‌ವರ್ಡ್ ಕೊಡಿ. 535 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಲಿಲ್ಲ. ಬೇರೆ ಖಾತೆಯ ಆ್ಯಪ್ ಪಾಸ್‌ವರ್ಡ್ ಹಾಕಿದ್ದೀರಾ ಎಂದು ಮೊದಲು ನೋಡಿ. ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ, ನಡುವೆ ಯಾರಾದರೂ ಮುಖ್ಯ ಪಾಸ್‌ವರ್ಡ್ ಬದಲಿಸಿದರೇ ಎಂದು ಕೇಳಿ. ಗೂಗಲ್‌ನಲ್ಲಿ ಅದನ್ನು ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳು ರದ್ದಾಗುತ್ತವೆ. ಏನೂ ಸರಿಯಾಗದಿದ್ದರೆ ಪ್ರಯತ್ನ ನಿಲ್ಲಿಸಿ, ಮರುದಿನ ಮಾಡಿ. ಸತತವಾಗಿ ತಪ್ಪಿದರೆ ಖಾತೆಗೇ ತಾತ್ಕಾಲಿಕ ತಡೆ ಬೀಳಬಹುದು.

ಕೈ ತಡೆದು ನೋಡಬೇಕಾದ ಸೂಚನೆಗಳು

ಫಾರ್ವರ್ಡಿಂಗ್ ಪಟ್ಟಿಯಲ್ಲಿ ನೀವು ಹಾಕದ ವಿಳಾಸವಿದ್ದರೆ ಖಾತೆಗೆ ಕಳ್ಳ ಹೊಕ್ಕಿದ್ದಾನೆ ಎಂದೇ ತಿಳಿಯಿರಿ. ಫಿಲ್ಟರ್ ಪಟ್ಟಿಯನ್ನೂ ನೋಡಿ: ಬ್ಯಾಂಕಿನ ಪತ್ರ ಬಂದ ತಕ್ಷಣ ಅಳಿಸುವ, ಓದಿದಂತೆ ಗುರುತು ಹಾಕುವ ಫಿಲ್ಟರ್‌ಗಳನ್ನು ಅವರು ಇಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಹಾಗೇ ಉಳಿಯುತ್ತವೆ, ಅದನ್ನು ಕೈಯಾರೆ ಅಳಿಸಬೇಕು. ಜಿಮೇಲ್ ವೆಬ್ ಪುಟದ ತಳದ ಬಲಗಡೆ ‘ಡೀಟೇಲ್ಸ್’ ಒತ್ತಿದರೆ ಇತ್ತೀಚೆಗೆ ಎಲ್ಲೆಲ್ಲಿಂದ ಖಾತೆ ತೆರೆದಿದೆ ಎಂದು ಕಾಣುತ್ತದೆ.

ನೀವು ಲಾಗಿನ್ ಆಗದೆ ಇರುವಾಗ ಬಂದ ‘ಇದು ನೀವೇ?’ ಪ್ರಶ್ನೆಗೆ ‘ಅಲ್ಲ’ ಎನ್ನಿ. ‘ಖಾತೆ ಅಪ್‌ಡೇಟ್ ಮಾಡುತ್ತೇವೆ, ಬಂದ ಕೋಡ್ ಹೇಳಿ’ ಎಂದು ಫೋನ್ ಮಾಡುವವರು ಯಾರೇ ಆಗಿರಲಿ, ಇಟ್ಟುಬಿಡಿ. ಭದ್ರತಾ ಎಚ್ಚರಿಕೆಯ ಮೇಲ್ ಬಂದರೆ ಅದರೊಳಗಿನ ಕೊಂಡಿ ಒತ್ತದೆ, ಖಾತೆಯ ಸೆಕ್ಯೂರಿಟಿ ಪುಟವನ್ನು ನೀವೇ ತೆರೆದು ನೋಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 9: ಎಲ್ಲ ಆದ ಮೇಲೆ

ಬೆಸ್ಕಾಂ, ಜಲಮಂಡಳಿ, ಬ್ಯಾಂಕು, ಆದಾಯ ತೆರಿಗೆ, ಪಿಎಫ್, ವಿಮೆ ಇವುಗಳಲ್ಲಿ ವಿಳಾಸವನ್ನು ಒಂದೊಂದಾಗಿ ಹೊಸದಕ್ಕೆ ಬದಲಿಸುತ್ತಾ ಬನ್ನಿ. ಲೇಬಲ್ ಹಾಕಿದ್ದರೆ ಇನ್ನೂ ಯಾರು ಹಳೆಯದಕ್ಕೆ ಬರೆಯುತ್ತಿದ್ದಾರೆ ಎಂಬುದು ಅಲ್ಲೇ ಸಿಗುತ್ತದೆ.

ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಲ್ಲಿ ಶುರು ಮಾಡಿದೆ. ಫಾರ್ವರ್ಡ್ ಆಗಿ ಮೇಲ್ ಬರುತ್ತಿದೆ ಎಂಬ ಧೈರ್ಯದಲ್ಲಿ ಕೂರದೆ, ಕೆಲವು ತಿಂಗಳಿಗೊಮ್ಮೆ ಹಳೆಯ ಖಾತೆಗೆ ನೇರವಾಗಿ ಲಾಗಿನ್ ಆಗಿ ಒಂದೆರಡು ಮೇಲ್ ಓದಿ, ಸ್ಪ್ಯಾಮ್ ನೋಡಿ. ಫೋನ್ ಮಾರುವ ಮುನ್ನ ಅಥವಾ ಕಂಪ್ಯೂಟರ್ ಬದಲಿಸಿದಾಗ ಅದಕ್ಕೆಂದು ಮಾಡಿದ ಆ್ಯಪ್ ಪಾಸ್‌ವರ್ಡನ್ನು ಪಟ್ಟಿಯಿಂದ ಅಳಿಸಿ. ಅರ್ಥವಾಗುವ ಹೆಸರು ಕೊಡಿ ಎಂದದ್ದು ಆ ದಿನ ಯಾವುದನ್ನು ಅಳಿಸಬೇಕೆಂದು ತಿಳಿಯಲಿ ಎಂದೇ.